ಗೋಸುಂಬೆ ಮತ್ತು ಅದರ ಆಹಾರ ಹುಳುಗಳ ಸಾಕಣೆ: ಸಂದೇಶ ಗುಂಪಿನಲ್ಲಿ ಪಶುವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ವಿದ್ಯಾನಗರ, ದಾವಣಗೆರೆ): ನಮಸ್ಕಾರ ಡಾಕ್ಟರೇ. ನಮ್ಮ ಯೆಮೆನ್ ಗೋಸುಂಬೆ ಹೆಣ್ಣು, ಒಂದು ವರ್ಷದ್ದು. ಎರಡು ದಿನಗಳಿಂದ ಹುಳು ಮುಟ್ಟುತ್ತಿಲ್ಲ. ಕೊಂಬೆ ಬಿಟ್ಟಿಳಿದು ಗೂಡಿನ ತಳದಲ್ಲೇ ಓಡಾಡುತ್ತಾ ಮೂಲೆಗಳನ್ನು ಕೆರೆಯುತ್ತಿದೆ. ಹೊಟ್ಟೆಯ ಎರಡೂ ಪಕ್ಕ ಗೋಲಿಗಳಂತೆ ಉಬ್ಬು ಕಾಣುತ್ತದೆ. ಗಂಡಿನ ಜೊತೆ ಬಿಟ್ಟೇ ಇಲ್ಲವಾದ್ದರಿಂದ ಮಲಬದ್ಧತೆ ಇರಬಹುದೆಂದುಕೊಂಡಿದ್ದೇವೆ. ಬೇರೆ ಗುಂಪಿನಲ್ಲಿ ಬಂದ ಸಂದೇಶದಂತೆ ಎರಡು ಹನಿ ಹರಳೆಣ್ಣೆ ಕುಡಿಸಬಹುದೇ?

ವೈದ್ಯರು: ಹರಳೆಣ್ಣೆ ಖಂಡಿತ ಬೇಡ. ಬಲವಂತದಿಂದ ಬಾಯಿ ತೆರೆಸಿ ಹಾಕಿದ ಎಣ್ಣೆ ಶ್ವಾಸನಾಳಕ್ಕೆ ಇಳಿದರೆ ಪ್ರಾಣಿ ಉಳಿಯುವುದು ಕಷ್ಟ. ನೀವು ಹೇಳುತ್ತಿರುವುದು ಮೊಟ್ಟೆಯಿಡಲು ಜಾಗ ಹುಡುಕುತ್ತಿರುವ ಹೆಣ್ಣಿನ ಲಕ್ಷಣ. ಈ ಜಾತಿಯಲ್ಲಿ ಗಂಡಿನ ಸಂಗವಿಲ್ಲದೆಯೂ ಹೆಣ್ಣು ಮೊಟ್ಟೆ ಕಟ್ಟುತ್ತದೆ. ಅತಿಯಾಗಿ ತಿನ್ನಿಸಿದಷ್ಟೂ ಮೊಟ್ಟೆಗಳ ಸಂಖ್ಯೆ ಹೆಚ್ಚಿ ಅದರ ದೇಹ ಸೊರಗುತ್ತದೆ. ಇಂದೇ ಒಂದಡಿ ಆಳದ ಡಬ್ಬಿಯಲ್ಲಿ ತೊಳೆದ ಮರಳನ್ನು ಕನಿಷ್ಠ 20 ಸೆಂ.ಮೀ. ತುಂಬಿ, ಬೆರಳಿನಿಂದ ಸುರಂಗ ಕೊರೆದರೆ ಕುಸಿಯದಷ್ಟು ಮಾತ್ರ ನೀರು ಚಿಮುಕಿಸಿ ಗೂಡಿನೊಳಗಿಡಿ. ಗೂಡಿನ ಸುತ್ತ ಬಟ್ಟೆ ಇಳಿಬಿಡಿ, ಏಕೆಂದರೆ ಅಗೆಯುವಾಗ ಮನುಷ್ಯರು ಕಣ್ಣಿಗೆ ಬಿದ್ದರೆ ಅದು ಅರ್ಧಕ್ಕೇ ಬಿಟ್ಟುಬಿಡುತ್ತದೆ, ಮೊಟ್ಟೆಗಳು ಒಳಗೇ ಉಳಿಯುತ್ತವೆ. ಮಕ್ಕಳಿಗೆ ತೋರಿಸಲೆಂದು ಬಟ್ಟೆ ಸರಿಸಬೇಡಿ. ಹಗಲಿನಲ್ಲಿ ಕಣ್ಣು ಮುಚ್ಚಿದರೆ, ಕೊಂಬೆ ಹಿಡಿಯುವ ಕಾಲು ಸಡಿಲವಾದರೆ, ಇಲ್ಲವೇ ಅಗೆದಗೆದು ಸೋತು ಮಲಗಿದರೆ ಒಂದು ರಾತ್ರಿಯೂ ಕಾಯದೆ ಕರೆತನ್ನಿ. ಎಕ್ಸ್‌ರೇ ತೆಗೆದು ನೋಡಲೇಬೇಕು. ಕ್ಯಾಲ್ಸಿಯಂ ಕಡಿಮೆಯಿದ್ದರೆ ಮೊಟ್ಟೆಯನ್ನು ಹೊರದೂಡುವ ಸ್ನಾಯುಗಳಿಗೆ ಬಲವಿರುವುದಿಲ್ಲ. ಕ್ಯಾಲ್ಸಿಯಂ ಪುಡಿ ಹೇಗೆ ಕೊಡುತ್ತಿದ್ದೀರಿ, ಕ್ಯಾಲ್ಸಿಯಂ ಮೈಗೂಡಲು ಬೇಕಾದ ನೇರಳಾತೀತ ಕಿರಣ ಬೀರುವ ಯುವಿಬಿ ದೀಪವಿದೆಯೇ, ಕೂಡಲೇ ತಿಳಿಸಿ.

ಪ್ರಶ್ನೆ (ಹರಿಹರ): ಯುವಿಬಿ ಟ್ಯೂಬ್ ಇನ್ನೂ ಚೆನ್ನಾಗಿ ಉರಿಯುತ್ತಿದೆ, ಬದಲಿಸಬೇಕೇ? ಕಿಟಕಿಯ ಗಾಜಿನಿಂದ ಬಿಸಿಲೂ ಬೀಳುತ್ತದೆ.

ವೈದ್ಯರು: ವರ್ಷಕ್ಕೊಮ್ಮೆ ಬದಲಿಸಿ. ಗಾಜು ಯುವಿಬಿಯನ್ನು ತಡೆಯುತ್ತದೆ. ಇದೇ ಪ್ರಶ್ನೆಗೆ ಹಿಂದೆಯೂ ಉತ್ತರಿಸಿದ್ದೇನೆ.

ಪ್ರಶ್ನೆ (ಚಳ್ಳಕೆರೆ): ಡಬ್ಬಿಯಲ್ಲಿ ಸಾಕಿದ ಚಿಮ್ಮಂಡೆಗಳು ರಾಶಿರಾಶಿಯಾಗಿ ಸಾಯುತ್ತಿವೆ, ವಾಸನೆಯೂ ಬರುತ್ತಿದೆ.

ವೈದ್ಯರು: ಮುಚ್ಚಳದಲ್ಲಿ ದೊಡ್ಡ ಕಿಂಡಿ ಕೊರೆದು ಲೋಹದ ಜಾಲರಿ ಹಾಕಿ. ಹಿಕ್ಕೆ, ಸತ್ತ ಹುಳು ಮತ್ತು ತೇವ ಸೇರಿ ಹುಟ್ಟುವ ಅಮೋನಿಯಾ ಅವುಗಳನ್ನು ಕೊಲ್ಲುತ್ತಿದೆ. ಹುಳುಗಳು ಅಡಗಲು ಇಡುವ ಕೋಳಿಮೊಟ್ಟೆಯ ರಟ್ಟಿನ ಟ್ರೇಗಳನ್ನು ನೆಟ್ಟಗೆ ನಿಲ್ಲಿಸಿ, ನೀರಿನ ಬಟ್ಟಲು ತೆಗೆದು ಕ್ಯಾರೆಟ್ ಹೋಳು ಇಡಿ. ಗೋಸುಂಬೆಗೆ ಹಾಕುವ ಮುನ್ನ ಒಂದು ದಿನವಾದರೂ ನುಗ್ಗೆಸೊಪ್ಪು ತಿನ್ನಿಸಿ, ಬರಿಹೊಟ್ಟೆಯ ಹುಳುವಿನಲ್ಲಿ ಸತ್ವವಿರುವುದಿಲ್ಲ. ತಿನ್ನದೆ ಬಿಟ್ಟ ಚಿಮ್ಮಂಡೆಗಳನ್ನು ಸಂಜೆಗೇ ಹೊರತೆಗೆಯಿರಿ, ರಾತ್ರಿ ಅವು ಮಲಗಿದ ಗೋಸುಂಬೆಯನ್ನು ಕಚ್ಚುತ್ತವೆ.

ಪ್ರಶ್ನೆ (ಜಗಳೂರು): ಮೆಕ್ಕೆಜೋಳದ ಹೊಲದ ಮಿಡತೆ ಕೊಡಬಹುದೇ?

ವೈದ್ಯರು: ಬೇಡ. ಔಷಧಿ ಹೊಡೆದ ಹೊಲ.

ಪ್ರಶ್ನೆ (ಹಿರಿಯೂರು): ನಮ್ಮಲ್ಲಿ ರೇಷ್ಮೆ ಸಾಕಣೆಯಿದೆ. ಚಾಕಿ (ಎಳೆಯ) ಹುಳು ಕೊಡಬಹುದೇ, ಹಣ್ಣಾದ (ಗೂಡು ಕಟ್ಟಲು ಸಿದ್ಧವಾದ) ಹುಳುವೇ ಒಳ್ಳೆಯದೇ?

ಸದಸ್ಯರು (ಹೊಸದುರ್ಗ): ಪುಡಿಗೆಲ್ಲ ದುಡ್ಡು ಸುರಿಯುವುದೇಕೆ? ಎಲೆಯಡಿಕೆಯ ಸುಣ್ಣವನ್ನು ಹುಳುವಿಗೆ ಸವರಿದರೆ ಅದೇ ಕ್ಯಾಲ್ಸಿಯಂ ಎಂಬ ಸಂದೇಶವನ್ನು ಎಲ್ಲರೂ ಹಂಚಿಕೊಳ್ಳಿ.

ವೈದ್ಯರು: ಯಾರೂ ಹಂಚಿಕೊಳ್ಳಬಾರದು. ಸುಣ್ಣ ಕ್ಷಾರ, ನಾಲಗೆ, ಗಂಟಲು ಸುಡುತ್ತದೆ. ಗೋಸುಂಬೆ ಬೇಟೆಯಾಡುವುದೇ ನಾಲಗೆಯಿಂದ. ನಿಮಗೆ ಉಳಿಯುವ ದುಡ್ಡಿಗೆ ಅದು ಉಪವಾಸ ಸಾಯಬೇಕೇ? ಫಾಸ್ಫರಸ್ ಇಲ್ಲದ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯನ್ನು ಮಾತ್ರ ಬಳಸಿ.

ಪ್ರಶ್ನೆ (ಹೊಳಲ್ಕೆರೆ): ತೋಟದ ಬೇಲಿಯಲ್ಲಿ ಗೋಸುಂಬೆ ಸಿಕ್ಕಿದೆ. ಮನೆಯಲ್ಲಿ ಸಾಕಲು ಗೂಡು ಎಷ್ಟು ದೊಡ್ಡದಿರಬೇಕು?

ಸದಸ್ಯೆ (ಚಿತ್ರದುರ್ಗ): ನಮ್ಮ ನಾಡಿನ ಗೋಸುಂಬೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ. ಹಿಡಿದಿಟ್ಟುಕೊಳ್ಳುವುದು ಅಪರಾಧ.

ಸದಸ್ಯರು (ಹೊಸದುರ್ಗ): ವಿದೇಶದ್ದನ್ನು ಸಾಕುವವರು ಹಳ್ಳಿಯವರಿಗೆ ಕಾನೂನು ಕಲಿಸುತ್ತೀರಾ? ನಿಮ್ಮ ಬಳಿ ಕಾಗದವಿದೆಯೇ, ಅಕ್ಕಾ?

ಸದಸ್ಯೆ (ಚಿತ್ರದುರ್ಗ): ಇದೆ. ಕೇಂದ್ರ ಪರಿಸರ ಸಚಿವಾಲಯದ ಪರಿವೇಷ್ ಜಾಲತಾಣದಲ್ಲಿ ನೋಂದಾಯಿಸಿದ್ದೇನೆ. ಸುಣ್ಣ ಸವರಲು ಹೇಳಿದವರಿಗೆ ನಾನು ಲೆಕ್ಕ ಒಪ್ಪಿಸಬೇಕಿಲ್ಲ.

ಸದಸ್ಯರು (ಹೊಸದುರ್ಗ): ಮಾತು ಹಿಡಿತದಲ್ಲಿರಲಿ.

ವೈದ್ಯರು: ಇಬ್ಬರೂ ನಿಲ್ಲಿಸಿ. ಹೊಳಲ್ಕೆರೆಯವರೇ, ಸಿಕ್ಕ ಬೇಲಿಯಲ್ಲೇ ಇಂದೇ ಬಿಡಿ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ವಿದ್ಯಾನಗರದವರು ಇನ್ನೂ ಉತ್ತರಿಸಿಲ್ಲ.

ವಿದ್ಯಾನಗರ: ಮರಳು ಇಟ್ಟಿದ್ದೇವೆ, ಅಗೆಯಲು ಶುರುಮಾಡಿದೆ. ಪುಡಿ ಕೊಡುವುದನ್ನು ತಿಂಗಳಿಂದ ನಿಲ್ಲಿಸಿದ್ದೆವು. ಯುವಿಬಿ ದೀಪವಿಲ್ಲ, ಬಿಸಿಯ ಬಲ್ಬು ಮಾತ್ರ ಇದೆ.

ಪ್ರಶ್ನೆ (ಹಿರಿಯೂರು): ರೇಷ್ಮೆ ಹುಳುವಿನ ಬಗ್ಗೆ ಕೇಳಿದ್ದೆ.

ವೈದ್ಯರು: ವಿದ್ಯಾನಗರದವರೇ, ಹಾಗಾದರೆ ಅದು ತಾನಾಗಿ ಮೊಟ್ಟೆಯಿಡುತ್ತದೆಂದು ನಂಬಿ ಕೂರಬೇಡಿ. ಈ ರಾತ್ರಿ ಅಗೆಯಲು ಬಿಡಿ. ಬೆಳಿಗ್ಗೆಯೊಳಗೆ ಮೊಟ್ಟೆಯಿಡದಿದ್ದರೆ, ಒಳಗೊಂದು ಕಡ್ಡಿ ಅಡ್ಡವಿಟ್ಟ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಬಿಸಿಲೇರುವ ಮುನ್ನವೇ ಚಿಕಿತ್ಸಾಲಯಕ್ಕೆ ತನ್ನಿ. ದಾರಿಯಲ್ಲಿ ಏನನ್ನೂ ಕುಡಿಸಬೇಡಿ.