ರೈಲ್ಸ್ ಟ್ಯೂಬಿನ ರೋಗಿಗೆ ಗಂಜಿ ತಿಳಿ ಸಾಕೇ? ಅನುಭವವಿದ್ದವರು ತಿಳಿಸಿ

ಪ್ರಶ್ನೆ, ಚಿತ್ರದುರ್ಗದಿಂದ:
ಪಾರ್ಶ್ವವಾಯುವಿಗೆ ತುತ್ತಾದ ನಮ್ಮ ಮಾವನವರನ್ನು ಮೂಗಿನಲ್ಲಿ ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಆಹಾರ ಇಳಿಸುವ ನಳಿಕೆ) ಇಟ್ಟೇ ಮನೆಗೆ ಕಳುಹಿಸಿದ್ದಾರೆ. 60 ಕಿಲೋ ತೂಗುತ್ತಿದ್ದವರ ತೋಳು ತೊಡೆಗಳು ಕಣ್ಣೆದುರೇ ಸೊರಗುತ್ತಿವೆ. ನೋಡಲು ಬರುವ ಬಂಧುಗಳು ಗಂಜಿ ತಿಳಿ, ಎಳನೀರು, ಮೂಸಂಬಿ ರಸ ಬಿಟ್ಟು ಬೇರೇನೂ ಹಾಕಬೇಡಿರೆನ್ನುತ್ತಾರೆ. ನಳಿಕೆಯಲ್ಲಿ ಹಾಕಲು ಅಂಗಡಿಯಲ್ಲಿ ಸಿಗುವ ಡಬ್ಬಿಯ ಪೌಷ್ಟಿಕ ಪುಡಿಯನ್ನೇ ತಿಂಗಳುಗಟ್ಟಲೆ ಕೊಳ್ಳುವ ಶಕ್ತಿ ನಮಗಿಲ್ಲ. ಮನೆಯಲ್ಲಿ ಇಂಥವರನ್ನು ನೋಡಿಕೊಂಡವರು ಏನು ಹಾಕಿದಿರಿ, ಹೇಗೆ ಹಾಕಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ದಾವಣಗೆರೆಯಿಂದ, ಆಸ್ಪತ್ರೆಯಲ್ಲಿ ಪಥ್ಯಾಹಾರದ ಕೆಲಸ ಮಾಡುವವರು:
ಅಕ್ಕ, ಒಮ್ಮೆ ಲೆಕ್ಕ ಹಾಕಿ ನೋಡೋಣ. ಒಂದು ಲೋಟ ತಿಳಿಯಲ್ಲಿ 10 ಗ್ರಾಂ ಅಕ್ಕಿಯ ಸತ್ವ ಇಳಿದಿದೆಯೆಂದು ಹಿಡಿದರೂ ಸಿಗುವುದು ಸುಮಾರು 35 ಕಿಲೋ ಕ್ಯಾಲರಿ. ಪ್ರೋಟೀನ್ 1 ಗ್ರಾಂ ಕೂಡ ಇಲ್ಲ. ಕಾಯಿಲೆಯಿಂದ ಚೇತರಿಸಿಕೊಳ್ಳುವವರಿಗೆ ಸಾಮಾನ್ಯವಾಗಿ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 25ರಿಂದ 30 ಕಿಲೋ ಕ್ಯಾಲರಿ, 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆಂದು ಲೆಕ್ಕ ಹಾಕುತ್ತಾರೆ. ಎಂದರೆ ನಿಮ್ಮ ಮಾವನವರಿಗೆ 1500ರಿಂದ 1800 ಕಿಲೋ ಕ್ಯಾಲರಿ, 72ರಿಂದ 90 ಗ್ರಾಂ ಪ್ರೋಟೀನ್. ಹಗಲಿಡೀ ತಿಳಿ ಹಾಕಿದರೂ ಇದರ ಮೂರನೆಯ ಒಂದು ಪಾಲನ್ನು ಮುಟ್ಟುವುದಿಲ್ಲ. ಕೊರತೆಯನ್ನು ದೇಹವು ಕೊಬ್ಬಿನ ಜೊತೆಗೆ ತನ್ನ ಸ್ನಾಯುಗಳನ್ನೂ ಕರಗಿಸಿ ತುಂಬಿಕೊಳ್ಳುತ್ತದೆ. ಸ್ನಾಯು ಕರಗಿದವರಿಗೆ ಕೆಮ್ಮಿ ಕಫ ಹೊರಹಾಕುವ ಶಕ್ತಿ ಇರುವುದಿಲ್ಲ, ಬೆನ್ನಿನ ಹುಣ್ಣು ಬೇಗ ಮಾಯುವುದಿಲ್ಲ, ಫಿಸಿಯೋಥೆರಪಿಯೂ ಕೈಗೂಡುವುದಿಲ್ಲ. ಬಂಧುಗಳ ಕಾಳಜಿ ದೊಡ್ಡದೇ, ಆದರೆ ಅವರು ಹೇಳುವುದು ಪಥ್ಯವಲ್ಲ, ಉಪವಾಸ.

ಒಂದು ಎಚ್ಚರಿಕೆ: ಐದಾರು ದಿನಕ್ಕೂ ಹೆಚ್ಚು ಕಾಲ ಬರಿಯ ತಿಳಿಯ ಮೇಲೆಯೇ ಇದ್ದವರಿಗೆ ಒಮ್ಮೆಲೇ ಪೂರ್ತಿ ಆಹಾರ ಕೊಡಬಾರದು. ರಕ್ತದ ಫಾಸ್ಫೇಟ್, ಪೊಟ್ಯಾಷಿಯಂ, ಮೆಗ್ನೀಷಿಯಂ ದಿಢೀರನೆ ಕುಸಿದು ಹೃದಯದ ಬಡಿತ ಏರುಪೇರಾಗಬಹುದು. ಎರಡನೆಯ ಮಹಾಯುದ್ಧದಲ್ಲಿ ಸೆರೆಯಲ್ಲಿ ಹಸಿದಿದ್ದವರು ಬಿಡುಗಡೆಯಾಗಿ ಊಟ ಮಾಡಿದ ಮೇಲೆ ಸತ್ತದ್ದು ಹೀಗೆಯೇ. ಆದ್ದರಿಂದ ವೈದ್ಯರಿಗೆ ತಿಳಿಸಿ, ರಕ್ತಪರೀಕ್ಷೆ ಮಾಡಿಸಿ, ಅವರು ಹೇಳಿದರೆ ಥಯಾಮಿನ್ (ವಿಟಮಿನ್ ಬಿ1) ಕೊಟ್ಟು, ಕೆಲವು ದಿನಗಳಲ್ಲಿ ಹಂತಹಂತವಾಗಿ ಏರಿಸಿ.

ಹಿರಿಯೂರಿನಿಂದ, ತಾಯಿಯವರನ್ನು ಮನೆಯಲ್ಲಿ ನೋಡಿಕೊಂಡವರು:
ನಮ್ಮ ತಾಯಿಯವರಿಗೂ ನಳಿಕೆಯಿತ್ತು. ಸಾದಾ ರಾಗಿ ಹಿಟ್ಟಿನ ಗಂಜಿ ಬಿಸಿಯಲ್ಲಿ ತೆಳ್ಳಗಿದ್ದರೂ ಆರುತ್ತಲೇ ಗಟ್ಟಿಯಾಗಿ ಸಿರಿಂಜಿನಲ್ಲೇ ನಿಂತುಬಿಡುತ್ತದೆ. ನೀರು ಬೆರೆಸಿದರೆ ಇಳಿಯುತ್ತದೆ, ಆದರೆ ಹೊಟ್ಟೆ ತುಂಬುವುದು ನೀರಿನಿಂದಲೇ. ಇದಕ್ಕೆ ದಾರಿಯೆಂದರೆ ಮೊಳಕೆ ರಾಗಿ. ರಾತ್ರಿ ನೆನೆಸಿದ ರಾಗಿಯನ್ನು ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಬಿಸಿಲಿಗೆ ಒಣಗಿಸಿ, ಬಾಣಲೆಯಲ್ಲಿ ಘಮ ಬರುವಷ್ಟು ಮಾತ್ರ ಬೆಚ್ಚಗೆ ಮಾಡಿ, ಮೊಳಕೆಯನ್ನು ತಿಕ್ಕಿ ತೂರಿ ಬೀಸಿಸಬೇಕು. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಒಡೆಯುವುದರಿಂದ ಅಷ್ಟೇ ಹಿಟ್ಟಿನ ಗಂಜಿ ತೆಳ್ಳಗಾಗುತ್ತದೆ. ಕೆಂಪಗೆ ಹುರಿದರೆ ಆ ಕಿಣ್ವ ಸಾಯುತ್ತದೆ. ಬೇಯಿಸಿದ ಗಂಜಿ ದಪ್ಪವಾಯಿತೆಂದರೆ, ಸ್ವಲ್ಪ ಆರಿದ ಮೇಲೆ ಒಂದು ಚಮಚ ಮೊಳಕೆ ಹಿಟ್ಟು ಕಲಸಿ ಕೆಲವು ನಿಮಿಷ ಬಿಡಿ. ಸೌಟಿನಿಂದ ಮುದ್ದೆಮುದ್ದೆಯಾಗಿ ಬೀಳುತ್ತಿದ್ದದ್ದು ಮಜ್ಜಿಗೆಯಂತೆ ಹರಿಯತೊಡಗುತ್ತದೆ. ಆಗ ಮತ್ತೊಂದು ಕುದಿ ಬರಿಸಿ ಆರಿಸಿ.

ನಮ್ಮ ಅಳತೆ ಹೀಗಿತ್ತು: ಮೊಳಕೆ ರಾಗಿ ಹಿಟ್ಟು 20 ಗ್ರಾಂ, ಹುರಿಗಡಲೆ ಹಿಟ್ಟು 15 ಗ್ರಾಂ, ಹಾಲು 150 ಮಿಲಿ, ಸಕ್ಕರೆ ಎರಡು ಚಮಚ, ಶೇಂಗಾ ಎಣ್ಣೆ ಒಂದು ಚಮಚ, ನೀರು ಸೇರಿಸಿ ಒಟ್ಟು 250 ಮಿಲಿ. ಇದರಲ್ಲಿ ಅಂದಾಜು 300 ಕಿಲೋ ಕ್ಯಾಲರಿ, 10 ಗ್ರಾಂ ಪ್ರೋಟೀನ್ ಇರುತ್ತದೆ. ದಿನಕ್ಕೆ ಆರು ಸಲ ಕೊಟ್ಟು, ಕಡಿಮೆ ಬಿದ್ದ ಪ್ರೋಟೀನಿಗೆ ಕೆನೆ ತೆಗೆದ ಹಾಲಿನ ಪುಡಿ ಸೇರಿಸುತ್ತಿದ್ದೆವು. ಮೊಟ್ಟೆ ತಿನ್ನುವ ಮನೆಯವರು ಚೆನ್ನಾಗಿ ಬೇಯಿಸಿ ಮಿಕ್ಸಿಗೆ ಹಾಕಬಹುದು. ಮಿಕ್ಸಿಯಿಂದ ತೆಗೆದದ್ದನ್ನು ತೆಳು ಬಟ್ಟೆಯಲ್ಲಿ ಸೋಸಲೇಬೇಕು, ಹುರಿಗಡಲೆಯ ಒಂದು ಸಿಪ್ಪೆ ಸಾಕು ನಳಿಕೆ ಕಟ್ಟಿಕೊಳ್ಳಲು. ನಮ್ಮ ಕಡೆಯ ಬೇಸಿಗೆಯಲ್ಲಿ ಇದನ್ನು ಎರಡು ಗಂಟೆಗಿಂತ ಹೊರಗಿಡಬೇಡಿ.

ಹರಿಹರದಿಂದ, ಡಯಾಲಿಸಿಸ್ ರೋಗಿಯ ಮಗ:
ಮಾವನವರಿಗೆ ಮೂತ್ರಪಿಂಡದ ತೊಂದರೆ ಇದ್ದರೆ ಮೇಲಿನ ಅಳತೆ ಹೊಂದುವುದಿಲ್ಲ. ಎಳನೀರು, ಹಣ್ಣಿನ ರಸಗಳಲ್ಲಿ ಪೊಟ್ಯಾಷಿಯಂ ಹೇರಳವಾಗಿರುವುದರಿಂದ ಅಂಥವರಿಗೆ ಅವು ಅಪಾಯಕಾರಿ. ಸಕ್ಕರೆ ಕಾಯಿಲೆಯಿದ್ದರೆ ಸಕ್ಕರೆ ಬಿಡಿ, ಇನ್ಸುಲಿನ್ ಹೊತ್ತನ್ನೂ ವೈದ್ಯರಲ್ಲಿ ಕೇಳಿಕೊಳ್ಳಿ.

ಚಳ್ಳಕೆರೆಯಿಂದ, ನಿವೃತ್ತ ಶುಶ್ರೂಷಕಿ:
ತಂಗೀ, ಏನು ಹಾಕುವಿರೆಂಬಷ್ಟೇ ಹೇಗೆ ಹಾಕುವಿರೆಂಬುದೂ ಮುಖ್ಯ. ಪ್ರತಿ ಸಲವೂ ಮೂಗಿನ ಹೊಳ್ಳೆಯ ಬಳಿ ನಳಿಕೆಯ ಗುರುತು ಸರಿದಿದೆಯೇ ನೋಡಿ. ಸರಿದಿದ್ದರೆ ಒಂದು ಹನಿಯನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಹಾಸಿಗೆಯ ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸಿ, ಊಟವಾದ ಮೇಲೂ ಮುಕ್ಕಾಲು ಗಂಟೆ ಹಾಗೆಯೇ ಇರಿಸಿ, ಇಲ್ಲವಾದರೆ ಆಹಾರ ಮೇಲೆ ಬಂದು ಶ್ವಾಸಕೋಶ ಸೇರುತ್ತದೆ. 50 ಮಿಲಿ ಸಿರಿಂಜಿನ ಒಳದಂಡ ತೆಗೆದು ಬರಿಯ ಕೊಳವೆಯನ್ನು ನಳಿಕೆಗೆ ಸಿಕ್ಕಿಸಿ ಎತ್ತಿ ಹಿಡಿದರೆ 250 ಮಿಲಿ ತಾನಾಗಿಯೇ 15–20 ನಿಮಿಷದಲ್ಲಿ ಇಳಿಯುತ್ತದೆ, ಅವಸರವೆಂದು ಒತ್ತಬೇಡಿ. ಮೊದಲೂ ಕೊನೆಗೂ 30 ಮಿಲಿ ಕುದಿಸಿ ಆರಿಸಿದ ನೀರು ಬಿಡಿ. ಮಾತ್ರೆಗಳನ್ನು ಒಂದೊಂದಾಗಿ ಪುಡಿ ಮಾಡಿ ಕೊಡಿ, ಆದರೆ ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳನ್ನು ಪುಡಿ ಮಾಡಕೂಡದು. ಭೇದಿಯಾದರೆ ಗಂಜಿಯನ್ನೇ ದೂರಬೇಡಿ. ಆ್ಯಂಟಿಬಯಾಟಿಕ್, ಸಾರ್ಬಿಟಾಲ್ ಎಂಬ ಸಿಹಿಕಾರಕ ಇರುವ ಸಿರಪ್ಪುಗಳೂ ಎಷ್ಟೋ ಸಲ ಕಾರಣವಾಗಿರುತ್ತವೆ. ದಾವಣಗೆರೆಯಿಂದ ಬರುವ ನೆಂಟರು ಪ್ರೀತಿಯಿಂದ ಮಂಡಕ್ಕಿ ತರುತ್ತಾರೆ. ನುಂಗಲಾರದವರ ಬಾಯಿಗೆ ರುಚಿಗೆಂದು ಒಂದು ಕಾಳನ್ನೂ ಇಡಬೇಡಿ.

ತೂಕದ ಯಂತ್ರದ ಮೇಲೆ ನಿಲ್ಲಲಾರದವರಿಗೆ, ಭುಜಕ್ಕೂ ಮೊಣಕೈಗೂ ನಡುವೆ ಅದೇ ಜಾಗದಲ್ಲಿ ದರ್ಜಿಯ ಟೇಪಿನಿಂದ ವಾರಕ್ಕೊಮ್ಮೆ ತೋಳಿನ ಸುತ್ತಳತೆ ಬರೆದಿಡಿ. ಮುಂದಿನ ಭೇಟಿಗೆ ಆ ಚೀಟಿಯನ್ನು ಒಯ್ದು, ನುಂಗುವ ಪರೀಕ್ಷೆಗೆ ಸ್ಪೀಚ್ ಥೆರಪಿಸ್ಟರ ಬಳಿ ಕಳುಹಿಸುವಂತೆ ಕೇಳಿ. ನಾಲ್ಕಾರು ವಾರಗಳ ಮೇಲೂ ನಳಿಕೆ ಬೇಕೆಂದಾದರೆ, ಹೊಟ್ಟೆಯ ಮೂಲಕ ನೇರವಾಗಿ ಹಾಕುವ ಪೆಗ್ ಟ್ಯೂಬಿನ ವಿಚಾರವನ್ನೂ ಆಗಲೇ ಮಾತನಾಡಿ.