ಅಪ್‌ಡೇಟ್: ಅಮ್ಮನೊಂದಿಗೆ ಎಮೇಯಿ ಪರ್ವತಕ್ಕೆ ಹೋಗಿಬಂದೆವು
ಮಂಡಿನೋವಿರುವ ಅರವತ್ತೆಂಟು ವರ್ಷದ ಅಮ್ಮನನ್ನು ಚೀನಾದ ಸಿಚುವಾನ್ ಪ್ರಾಂತ್ಯದ ಎಮೇಯಿ ಪರ್ವತಕ್ಕೆ ಕರೆದೊಯ್ಯಬಹುದೇ ಎಂದು ನಾನು ಕೇಳಿದ್ದೆ. ಬಸ್ಸು ಮತ್ತು ಕೇಬಲ್ ಕಾರನ್ನು ನಂಬಿ ಹೊರಡಿ ಎಂದು ಧೈರ್ಯ ತುಂಬಿದ ಎಲ್ಲರಿಗೂ ಕೃತಜ್ಞತೆಗಳು. ಕಳೆದ ತಿಂಗಳು ಹೋಗಿಬಂದೆವು.

ಬಸ್ಸು ಲೇದೊಂಗ್‌ಪಿಂಗ್‌ವರೆಗೆ ಹೋಗುತ್ತದೆ. ಅಲ್ಲಿಂದ ಕೇಬಲ್ ಕಾರಿನ ನಿಲ್ದಾಣದವರೆಗಿನ ಕಲ್ಲಿನ ಮೆಟ್ಟಿಲುಗಳೇ ಅಮ್ಮನಿಗೆ ನಿಜವಾಗಿ ಕಷ್ಟವಾದ ಭಾಗ. ಇಪ್ಪತ್ತು ಮೆಟ್ಟಿಲಿಗೊಮ್ಮೆ ಕುಳಿತು, ಊರುಗೋಲಿನ ಆಸರೆಯಲ್ಲಿ ನಿಧಾನವಾಗಿ ಹತ್ತಿದರು. ದಾರಿಯಲ್ಲಿ ಕೋತಿಗಳು ಕೈಚೀಲಕ್ಕೇ ಕೈಹಾಕುವುದರಿಂದ ತಿನಿಸನ್ನು ಹೊರಗೆ ತೆಗೆಯಲೇಬಾರದು.

3,077 ಮೀಟರ್ ಎತ್ತರದ ಸ್ವರ್ಣಶಿಖರದಲ್ಲಿ ಮೊದಲ ಒಂದು ಗಂಟೆ ಮಂಜಿನ ಹೊರತು ಏನೂ ಕಾಣಲಿಲ್ಲ. ಆಮೇಲೆ ಮಂಜು ಕೆಳಗಿಳಿದು, ಪ್ರಪಾತದ ಅಂಚಿನಿಂದ ದಿಗಂತದವರೆಗೆ ಮೋಡಗಳೇ ಕಡಲಿನಂತೆ ಹರಡಿಕೊಂಡಾಗ, ಆನೆಗಳ ಮೇಲೆ ಕುಳಿತ ಸಮಂತಭದ್ರ ಬೋಧಿಸತ್ವನ 48 ಮೀಟರ್ ಎತ್ತರದ ಹೊಂಬಣ್ಣದ ಮೂರ್ತಿಯ ಮುಂದೆ ಅಮ್ಮ ಮಾತಿಲ್ಲದೆ ಕೈಮುಗಿದು ನಿಂತುಬಿಟ್ಟರು.

ಆದರೂ ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದಿರುವುದು ಕೆಳಗಿನ ವಾನ್‌ನಿಯನ್ ದೇವಾಲಯ. ತೊಲೆಗಳಿಲ್ಲದೆ ಇಟ್ಟಿಗೆಯಲ್ಲೇ ಗುಮ್ಮಟವಾಗಿ ಕಟ್ಟಿದ ಮಂಟಪದೊಳಗೆ, 980ರಲ್ಲಿ ಎರಕ ಹೊಯ್ದ, ಆರು ದಂತಗಳ ಬಿಳಿಯಾನೆಯನ್ನೇರಿದ ಸಮಂತಭದ್ರನ ಕಂಚಿನ ಮೂರ್ತಿಯಿದೆ. ಅಲ್ಲಿಗೂ ಪ್ರತ್ಯೇಕ ಕೇಬಲ್ ಕಾರ್ ಇದೆ.

ಒಂದೇ ದಿನದಲ್ಲಿ ಎರಡನ್ನೂ ಮುಗಿಸಲು ಹೋಗಬೇಡಿರೆಂದು ನೀವು ಹೇಳಿದ್ದು ಸರಿಯಾಗಿತ್ತು. ನಾವು ಎರಡು ದಿನ ಇಟ್ಟುಕೊಂಡಿದ್ದರಿಂದಲೇ ಅಮ್ಮನ ಮಂಡಿ ತಡೆದುಕೊಂಡಿತು.