ಹಾಕಿ ಪಂದ್ಯಕ್ಕೆ ಹಾಕುವ ಆ ಮಾತಿಲ್ಲದ ಟ್ಯೂನ್ ಯಾವುದು?

ಅಮ್ಮತ್ತಿ ಹುಡುಗಿ:
ಮೇ ತಿಂಗಳಲ್ಲಿ ನಮ್ಮೂರಲ್ಲಿ ಹಾಕಿ ಇದೆ. ದೊಡ್ಡ ಕಪ್ ಏನಲ್ಲ, ಅಕ್ಕಪಕ್ಕದ ಕೆಲವು ಒಕ್ಕದವರು, ಅಂದರೆ ಮನೆತನದವರು, ಸೇರಿ ಆಡುವುದು. ಊಟದ ಕೆಲಸ ದೊಡ್ಡವರು ಹಂಚಿಕೊಂಡರು. ಮೈಕು, ಹಾಡು ಎಲ್ಲ ನನ್ನ ತಲೆಗೆ ಕಟ್ಟಿದರು.

ಒಂದು ಟ್ಯೂನ್ ಹುಡುಕುತ್ತಿದ್ದೇನೆ. ಮಾತೇ ಇಲ್ಲ. "ಡು ಡು ಡು ಡು ಡು" ಅಂತ ಒಂದೇ ಸ್ವರ ಕುಟ್ಟಿಕೊಂಡು ಹೋಗುತ್ತದೆ, ಆಮೇಲೆ ಜಾಗ ಬದಲಿಸಿ ಮತ್ತೆ ಕುಟ್ಟುತ್ತದೆ. ಆಟದ ವಿಡಿಯೊಗಳಲ್ಲಿ ಸಿಕ್ಕಾಪಟ್ಟೆ ಕೇಳಿದ್ದೇನೆ. ಚಿಕ್ಕಪ್ಪನ ಮಗನನ್ನು ಕೇಳಿದರೆ "ದರೂಡ್, ಸ್ಯಾಂಡ್‌ಸ್ಟಾರ್ಮ್" ಅಂತಾನೆ. ಆದರೆ ಅವನು ಯಾವ ಹಾಡಿನ ಹೆಸರು ಕೇಳಿದರೂ ಹೇಳೋದು ಅದನ್ನೇ. ಮೊನ್ನೆ ಆಕಾಶವಾಣಿಯಲ್ಲಿ ಬಂದ ಭಾವಗೀತೆಗೂ ಅದೇ ಉತ್ತರ. ನಂಬೋದು ಹೇಗೆ?

ಇನ್ನೊಂದು. ನೋಡೋಕೆ ಬರುವವರಲ್ಲಿ ವಯಸ್ಸಾದವರೇ ಜಾಸ್ತಿ. ಇಂಥದ್ದು ಹಾಕಿದರೆ ಎದ್ದು ಹೋಗಲ್ಲ ಅಲ್ವಾ?

ಗೋಣಿಕೊಪ್ಪ ಗೇಮರ್:
ದರೂಡ್, ಸ್ಯಾಂಡ್‌ಸ್ಟಾರ್ಮ್.

ಅಮ್ಮತ್ತಿ ಹುಡುಗಿ:
ನೋಡಿ, ಇನ್ನೊಬ್ಬರು ಬಂದರು.

ಗೋಣಿಕೊಪ್ಪ ಗೇಮರ್:
ಅಯ್ಯೋ ಅಕ್ಕ, ಈ ಸಲ ನಿಜವಾಗಿ ಅದೇ! ಗೇಮ್ ಆಡೋದನ್ನು ಲೈವ್ ತೋರಿಸುವ ಟ್ವಿಚ್ ಸೈಟ್‌ನಲ್ಲಿ ಆಡುವವರು ಹಿಂದೆ ಈ ಟ್ಯೂನ್ ತುಂಬಾ ಹಾಕುತ್ತಿದ್ದರು. ನೋಡುವವರು "ಹಾಡು ಯಾವುದು" ಅಂತ ಕೇಳಿ ಕೇಳಿ ತಲೆ ತಿಂದರು. ಆಮೇಲೆ ಯಾವ ಹಾಡು ಬಂದರೂ ಇದೇ ಉತ್ತರ ಕೊಡೋದು ತಮಾಷೆ ಆಯಿತು. 2015ರ ಏಪ್ರಿಲ್ 1ಕ್ಕೆ ಯೂಟ್ಯೂಬ್ ಕೂಡ ಸೇರಿಕೊಂಡಿತು. ಏನು ಹುಡುಕಿದರೂ "ನೀವು ಹುಡುಕಿದ್ದು ದರೂಡ್‌ನ ಸ್ಯಾಂಡ್‌ಸ್ಟಾರ್ಮ್ ತಾನೇ?" ಅಂತ ಕೇಳುತ್ತಿತ್ತು. ನಿಮ್ಮ ತಮ್ಮನದ್ದು ತಪ್ಪಿಲ್ಲ.

ಸೌಂಡ್‌ನವನು, ವಿರಾಜಪೇಟೆ:
ಹುಡುಗ ಹೇಳಿದ್ದು ಸರಿ. ಆದರೆ ಅದು ತಮಾಷೆ ಆಗೋಕೆ ಎಷ್ಟೋ ವರ್ಷ ಮೊದಲೇ ಹಿಟ್ ಆಗಿತ್ತು. ಅದನ್ನು ಮಾಡಿದವನು ಫಿನ್ಲೆಂಡ್‌ನ ವಿಲ್ಲೆ ವಿರ್ಟಾನೆನ್, ದರೂಡ್ ಅನ್ನೋದು ಅವನ ಅಡ್ಡಹೆಸರು. ಓದುವ ಹುಡುಗ, ಕಂಪ್ಯೂಟರಿನಲ್ಲಿ ಟ್ಯೂನ್ ಮಾಡಿಕೊಂಡಿದ್ದ. ಡೆಮೊ ಕೊಟ್ಟಿದ್ದು ಯಾಕ್ಕೊ ಸಲೊವಾರಾ ಅನ್ನುವ ನಿರ್ಮಾಪಕನಿಗೆ. 1999ರಲ್ಲಿ ಹೊರಬಂತು, 2000ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಏರಿತು. ಮಾತಿಲ್ಲದ ಟ್ಯೂನಿಗೆ ಅದು ಸಣ್ಣ ವಿಷಯ ಅಲ್ಲ.

ನಾನು ಬಾಡಿಗೆಗೆ ಸೌಂಡ್ ಹಾಕುವವನು. ಮದುವೆ, ನಾಮಕರಣ, ಬೇಸಿಗೆ ಬಂದರೆ ಹಾಕಿ. ಸಂಗೀತ ಒಳ್ಳೆಯದಾ ಕೆಟ್ಟದ್ದಾ ಅಂತ ಹೇಳೋಕೆ ನಾನ್ಯಾರು. ಹಾರ್ನ್ ಸ್ಪೀಕರಿನಲ್ಲಿ ಯಾವುದು ಬದುಕುತ್ತದೆ, ಯಾವುದು ಸಾಯುತ್ತದೆ ಅನ್ನೋದು ಮಾತ್ರ ಗೊತ್ತು.

ನಮ್ಮ ಕಡೆ ಮೈದಾನದಲ್ಲಿ ಕಂಬಕ್ಕೋ ಮರಕ್ಕೋ ಕಟ್ಟುವುದು ಹಾರ್ನೇ ತಾನೇ? ಅದರಲ್ಲಿ ಬೇಸ್, ಅಂದರೆ ದಪ್ಪ ಶಬ್ದ, ಬರೋದೇ ಇಲ್ಲ. ಈಗಿನ ಡಿಜೆ ಹಾಡುಗಳೆಲ್ಲ ಬೇಸ್ ಮೇಲೆ ನಿಂತಿರುವುದು. ಹಾರ್ನಿಗೆ ಹಾಕಿದರೆ ಕೆಳಗಿನದೆಲ್ಲ ಉದುರಿ ಬರೀ ಚಿರಿಚಿರಿ ಉಳಿಯುತ್ತದೆ. ಇದು ಹಾಗಲ್ಲ. ಇದರ ಜೀವ ಇರೋದು ಆ ಕೀಬೋರ್ಡ್ ಶಬ್ದದಲ್ಲಿ. ರೋಲೆಂಡ್ ಜೆಪಿ-8080 ಅನ್ನುವ ಸಿಂಥ್‌ನಿಂದ, ಅಂದರೆ ಕರೆಂಟಿನಲ್ಲಿ ಸ್ವರ ಹುಟ್ಟಿಸುವ ಯಂತ್ರದಿಂದ, ತೆಗೆದದ್ದು. ಗರಗಸದ ಹಲ್ಲಿನ ಹಾಗೆ ಚೂಪು. ಮನುಷ್ಯ ಕೂಗುವ ದನಿ ಎಲ್ಲಿರುತ್ತದೋ ಹೆಚ್ಚುಕಡಿಮೆ ಅಲ್ಲೇ ಇದೂ ಇರುವುದು. ಹಾರ್ನಿಗೆ ಹೇಳಿ ಮಾಡಿಸಿದ್ದು. ತೋಟದ ಆಚೆ ಕಡೆ ನಿಂತವನಿಗೂ ಗೊತ್ತಾಗುತ್ತದೆ. ಮಡಿಕೇರಿ ದಸರಾದಲ್ಲಿ ಹತ್ತು ಮಂಟಪ ಒಂದೇ ರಾತ್ರಿ ಮೆರವಣಿಗೆ ಹೊರಡುತ್ತವಲ್ಲ, ಅಲ್ಲಿ ನಿಂತು ಕೇಳಿ. ಬೇಸ್ ಎಲ್ಲ ಕಲಸಿಹೋಗಿ ಎದೆಗೆ ಗುದ್ದುತ್ತದೆ ಅಷ್ಟೇ, ಯಾವ ಮಂಟಪದ್ದು ಅಂತ ತಿಳಿಯಲ್ಲ. ಜನ ತಿರುಗಿ ನೋಡುವುದು ಈ ಥರದ ಚೂಪು ಶಬ್ದಕ್ಕೆ.

ವೇಗ ನಿಮಿಷಕ್ಕೆ 136 ಪೆಟ್ಟು. ಕುಣಿಯೋಕೆ ಸ್ವಲ್ಪ ಜಾಸ್ತಿಯೇ, ಓಡೋಕೆ ಸರಿ. ಆಟದವರು ಹಿಡಿದುಕೊಂಡದ್ದು ಅದಕ್ಕೇ ಇರಬೇಕು. ವಾಂಡರ್ಲೇ ಸಿಲ್ವಾ ಅಂತ ಬ್ರೆಜಿಲ್ ಫೈಟರ್, ಜಪಾನಿನ ಪ್ರೈಡ್ ಅನ್ನುವ ಕಾದಾಟದ ಪಂದ್ಯಗಳಲ್ಲಿ ರಿಂಗಿಗೆ ನಡೆದು ಬರುತ್ತಿದ್ದದ್ದು ಇದರ ಜೊತೆಗೇ. ಅಮೆರಿಕದ ಸೌತ್ ಕೆರೊಲಿನಾ ಯೂನಿವರ್ಸಿಟಿಯ ಅಮೆರಿಕನ್ ಫುಟ್ಬಾಲ್ ಮೈದಾನದಲ್ಲಿ 2009ರಿಂದ ಇದು ಪದ್ಧತಿಯೇ ಆಗಿದೆ. ಕಿಕ್ ಹೊಡೆಯುವ ಮುಂಚೆ ಇಡೀ ಸ್ಟೇಡಿಯಂ ಬಿಳಿ ಟವೆಲ್ ಬೀಸಿಕೊಂಡು ಹಾರುತ್ತದೆ. ವಿಡಿಯೊ ಇದೆ, ನೋಡಿ. ಅಲ್ಲಿ ತಾತಂದಿರೂ ಹಾರುತ್ತಾರೆ.

ಈಗ ನಿಮ್ಮ ಕೆಲಸ. ಪೂರ್ತಿ ಹಾಕಬೇಡಿ. ಮೂರೂ ಮುಕ್ಕಾಲು ನಿಮಿಷ ಕೂತು ಕೇಳೋಕೆ ಅದು ಕಚೇರಿಯಲ್ಲ. ಪೆನಾಲ್ಟಿ ಕಾರ್ನರ್, ಅಂದರೆ ಗೋಲ್ ಹೊಡೆಯೋಕೆ ಒಂದು ಅವಕಾಶ, ಸಿಕ್ಕಿತು ಅನ್ನಿ. ಡಿಫೆಂಡರ್‌ಗಳು ಮುಖಕ್ಕೆ ಮಾಸ್ಕ್ ಹಾಕಿಕೊಂಡು ಗೋಲ್ ಹತ್ತಿರ ಹೋಗಿ ನಿಲ್ಲಬೇಕು. ಆ ಹೊತ್ತಿನಲ್ಲಿ ಮೈದಾನ ಸುಮ್ನೆ ಇರುತ್ತದೆ. ಟ್ಯೂನಿನಲ್ಲಿ ಪೆಟ್ಟು ನಿಂತು, ಶಬ್ದ ಮೆಲ್ಲಗೆ ಏರುತ್ತಾ ಹೋಗುವ ಭಾಗ ಇದೆ. ಅದನ್ನು ಮೊದಲೇ ಕತ್ತರಿಸಿ ಇಟ್ಟುಕೊಳ್ಳಿ, ಆಗ ಬಿಡಿ. ಅಂಪೈರ್ ಕೈ ಎತ್ತಿದ ಕೂಡಲೇ ಪಕ್ಕನೆ ನಿಲ್ಲಿಸಿ. ಚೆಂಡು ತಳ್ಳುವಾಗ ಒಂದು ಶಬ್ದ ಇರಬಾರದು, ಅಂಪೈರ್ ಬೈತಾರೆ. ಗೋಲ್ ಆದರೆ ಮಾತ್ರ ಉಳಿದದ್ದು ಹಾಕಿ. ಆಗದಿದ್ದರೆ ಬೇಡ. ಆಗಲೂ ಹಾಕಿದರೆ ಆ ಟ್ಯೂನಿಗೆ ಬೆಲೆಯೇ ಇಲ್ಲ.

ಮಡಿಕೇರಿ ಮಾವ:
ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕುಟುಂಬಗಳ ಹಾಕಿ ಶುರು ಮಾಡಿದಾಗ ಫಿನ್ಲೆಂಡಿನ ಟ್ಯೂನ್ ಯಾರೂ ಕೇಳಲಿಲ್ಲ. ವಾಲಗ ಇರುವಾಗ ಇದೆಲ್ಲ ಯಾಕೆ? ಕೊಂಬು ಊದಿದರೆ ಸಾಲದಾ?

ಸೌಂಡ್‌ನವನು, ವಿರಾಜಪೇಟೆ:
ಮಾವ, ನೀವು ಸಿಟ್ಟಾದರೂ ಸರಿ, ಒಂದು ಮಾತು ಹೇಳುತ್ತೇನೆ. ವಾಲಗದಲ್ಲೂ ಮಾತಿಲ್ಲ. ಕೇಳಿದ ಕೂಡಲೇ ಕೈ ತಾನಾಗಿ ಏಳುತ್ತದೆ ತಾನೇ? ಈ ಟ್ಯೂನ್ ಹೊರಗಿನವರಿಗೆ ಮಾಡುವುದೂ ಅದನ್ನೇ. ಇದನ್ನು ಕೇಳೋಕೆ ಯಾವ ಭಾಷೆಯೂ ಬೇಡ. ಆದರೆ ವಾಲಗದ ಜಾಗಕ್ಕೆ ಇದನ್ನು ತರಬೇಡಿ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಕಪ್ ಕೊಡುವಾಗ, ಗೆದ್ದವರು ಕುಣಿಯುವಾಗ ವಾಲಗದವರೇ ಇರಬೇಕು. ಆಗ ನಾನು ಮಿಕ್ಸರ್ ಆಫ್ ಮಾಡಿ ಕಾಫಿ ಕುಡಿಯೋಕೆ ಹೋಗುತ್ತೇನೆ.

ಮಡಿಕೇರಿ ಮಾವ:
ಹಾಗಾದರೆ ಸರಿ. ವಾಲ್ಯೂಮ್ ಮಾತ್ರ ಕಮ್ಮಿ ಇರಲಿ, ನನ್ನ ಕಿವಿಗೆ ಮಿಷನ್ ಇದೆ.

ಗೋಣಿಕೊಪ್ಪ ಗೇಮರ್:
ದರೂಡ್ 2019ರಲ್ಲಿ ಫಿನ್ಲೆಂಡ್ ಪರ ಯೂರೋವಿಷನ್ ಹಾಡಿನ ಸ್ಪರ್ಧೆಗೆ ಹೋಗಿದ್ದ, ಬೇರೆ ಹಾಡು, ಹಾಡೋಕೆ ಒಬ್ಬರನ್ನು ಜೊತೆಗೆ ಕರೆದುಕೊಂಡು. ಫೈನಲ್‌ಗೂ ಬರಲಿಲ್ಲ ಪಾಪ. ಮಾತು ಸೇರಿಸಿದ್ದಕ್ಕೇ ಇರಬೇಕು 😄

ಅಮ್ಮತ್ತಿ ಹುಡುಗಿ:
ಕೇಳಿದೆ. ಅದೇ ಟ್ಯೂನ್! ತಮ್ಮನಿಗೆ ಇನ್ನೂ ಹೇಳಿಲ್ಲ, ಹೇಳಿದರೆ ತಲೆ ಮೇಲೆ ಕೂರುತ್ತಾನೆ. ಅಣ್ಣ, ನನ್ನ ಮೊಬೈಲಿನಿಂದಲೇ ಹಾಕಬಹುದಾ?

ಸೌಂಡ್‌ನವನು, ವಿರಾಜಪೇಟೆ:
ಬೇಡ ತಂಗಿ. ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ಎರಡು ಇರಲಿ. ಮೊಬೈಲ್ ಆದರೆ ಪೆನಾಲ್ಟಿ ಕಾರ್ನರ್ ಹೊತ್ತಿಗೆ ಸರಿಯಾಗಿ ಅಮ್ಮನ ಫೋನ್ ಬರುತ್ತದೆ, ಊಟ ಆಯಿತಾ ಅಂತ ಕೇಳೋದು ಇಡೀ ಊರಿಗೆ ಕೇಳುತ್ತದೆ. ಮತ್ತೆ ಜನರೇಟರ್ ಬಗ್ಗೆ ಇವತ್ತೇ ಮಾತಾಡಿ. ಮೇ ತಿಂಗಳು, ಸಂಜೆ ಗುಡುಗಿದರೆ ಮೊದಲು ಹೋಗುವುದು ಕರೆಂಟ್.